ಅಜ್ಜಿಯ ಗುಳಿಗೆಯೂ ತೊಡೆಯ ಮೂಳೆಯೂ

ನಮ್ಮ ಅಜ್ಜಿ ಆರು ವರ್ಷಗಳಿಂದ ಪ್ರತಿ ಸೋಮವಾರ ಬರಿ ಹೊಟ್ಟೆಯಲ್ಲಿ ಒಂದು ಗುಳಿಗೆ ನುಂಗಿ, ತುಂಬು ಲೋಟ ನೀರು ಕುಡಿದು, ಅರ್ಧ ಗಂಟೆ ನೆಟ್ಟಗೆ ಕುಳಿತಿರುತ್ತಿದ್ದಳು. ಅಷ್ಟು ಹೊತ್ತು ಕಾಫಿಯೂ ಇಲ್ಲ. ಕಳೆದ ದಸರೆಯ ರಜೆಯಲ್ಲಿ, “ಯಾಕೋ ಬಲದ ತೊಡೆ ಒಳಗೊಳಗೇ ನೋಯುತ್ತದಪ್ಪ, ವಯಸ್ಸಾಯಿತಲ್ಲ” ಎಂದಳು. ನಾನೂ ಹೌದೆಂದು ಸುಮ್ಮನಾದೆ. ಅದು ತಪ್ಪೆಂದು ಅರಿವಾದದ್ದು ಆಮೇಲೆ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ವೈದ್ಯನಲ್ಲ. ಓದಿ ತಿಳಿದುದನ್ನಷ್ಟೇ ಇಲ್ಲಿ ಹೇಳುತ್ತಿದ್ದೇನೆ.

ಮೂಳೆ ಕಲ್ಲಿನಂತೆ ಜಡವಲ್ಲ. ಅದರಲ್ಲಿ ಕೆಲವು ಜೀವಕೋಶಗಳು ಹಳತನ್ನು ಕೆಡವುತ್ತವೆ, ಕೆಲವು ಹೊಸತನ್ನು ಕಟ್ಟುತ್ತವೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಕೆಡವುವ ಕೆಲಸವೇ ಮುಂದಾಗಿ ಮೂಳೆ ಟೊಳ್ಳಾಗುವುದುಂಟು. ಇದೇ ಆಸ್ಟಿಯೊಪೊರೋಸಿಸ್. 1995ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಪಡೆದ ಅಲೆಂಡ್ರೊನೇಟ್ ಮತ್ತು ಅದರ ವರ್ಗದ ಔಷಧಗಳು ಕೆಡವುವ ಕೋಶಗಳ ಕೈ ಕಟ್ಟುತ್ತವೆ. ಆದರೆ ಹಳತನ್ನು ಕೆಡವದೆ ರಿಪೇರಿ ಎಲ್ಲಿಯದು? ಓಡಾಟದಲ್ಲಿ ಮೂಡುವ ಸೂಕ್ಷ್ಮ ಬಿರುಕುಗಳು ಮಾಯದೆ ಉಳಿಯುತ್ತವೆಂದು ತಜ್ಞರು ಭಾವಿಸುತ್ತಾರೆ. ಕೊನೆಗೆ, ಅತ್ಯಂತ ವಿರಳವಾಗಿ, ದೊಡ್ಡ ಪೆಟ್ಟೇನೂ ಬೀಳದೆಯೇ ತೊಡೆಯ ಮೂಳೆ ಸೀಮೆಸುಣ್ಣದ ಕಡ್ಡಿಯಂತೆ ಅಡ್ಡಲಾಗಿ ಮುರಿಯುತ್ತದೆ.

ಎಷ್ಟು ವಿರಳ? ಈ ಔಷಧ ಸೇವಿಸಿದ ಕ್ಯಾಲಿಫೋರ್ನಿಯದ 1,96,129 ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧನೆಯೊಂದು 2020ರಲ್ಲಿ ಪ್ರಕಟವಾಯಿತು. ಅವರಲ್ಲಿ ಇಂಥ ಮುರಿತಕ್ಕೆ ಒಳಗಾದವರು 277 ಮಂದಿ. ಸೇವನೆ ದೀರ್ಘವಾದಷ್ಟೂ ಅಪಾಯ ಏರುತ್ತಿತ್ತು; ನಿಲ್ಲಿಸಿದೊಡನೆ ಬೇಗನೆ ಇಳಿಯುತ್ತಿತ್ತು. ಹತ್ತು ಸಾವಿರ ಮಂದಿ ಮೂರು ವರ್ಷ ಔಷಧ ಸೇವಿಸಿದರೆ, ಬಿಳಿಯ ಸ್ತ್ರೀಯರಲ್ಲಿ 149 ಸೊಂಟದ ಮುರಿತಗಳು ತಪ್ಪಿ, ತೊಡೆಯ ಇಂಥ ಮುರಿತ 2 ಸಂಭವಿಸಬಹುದು. ಏಷ್ಯಾ ಮೂಲದವರಲ್ಲಿ 91 ತಪ್ಪಿ, 8 ಸಂಭವಿಸಬಹುದು ಎಂದು ಅವರ ಅಂದಾಜು.

ಲೆಕ್ಕ ನೋಡಿದರೆ ಲಾಭದ ಕಡೆಯೇ ತೂಕ ಹೆಚ್ಚು. ಆದಕಾರಣ ಹೆದರಿ ತಾನಾಗಿಯೇ ಗುಳಿಗೆ ಬಿಡುವುದು ಅವಿವೇಕ. ಆದರೆ ಆ ಎಂಟರಲ್ಲಿ ಒಬ್ಬಳು ನಮ್ಮಜ್ಜಿಯೇ ಆಗಬಾರದೇಕೆ? ಅನೇಕರಿಗೆ ಮುರಿತಕ್ಕೆ ವಾರಗಳು, ತಿಂಗಳುಗಳ ಮೊದಲೇ ತೊಡೆಯಲ್ಲೋ ತೊಡೆಸಂದಿಯಲ್ಲೋ ಮಂದವಾದ ನೋವು ಕಾಣಿಸಿಕೊಳ್ಳುತ್ತದೆಂದು ಓದಿದ ದಿನವೇ ಊರಿನ ಬಸ್ಸು ಹತ್ತಿದೆ.

ವೈದ್ಯರು ಎರಡೂ ತೊಡೆಗಳ ಎಕ್ಸ್‌ರೇ ತೆಗೆಸಿದರು. ಬಿರುಕು ಕಾಣಲಿಲ್ಲ. ಆರು ವರ್ಷ ಆಗಿರುವುದರಿಂದ ಸದ್ಯ ಗುಳಿಗೆಗೆ ಬಿಡುವು ಕೊಟ್ಟು, ಮತ್ತೆ ಬಂದು ತೋರಿಸಲು ಹೇಳಿದರು. ಈಗ ಸೋಮವಾರವೂ ಅಜ್ಜಿಗೆ ಎದ್ದೊಡನೆ ಕಾಫಿ.

ಗೆಳೆಯರೆ, ನಿಮ್ಮ ಮನೆಯಲ್ಲೂ ಇಂಥ ಗುಳಿಗೆ ನುಂಗುವ ಹಿರಿಯರಿದ್ದರೆ ಒಮ್ಮೆ ಕೇಳಿರಿ: ತೊಡೆ ನೋಯುತ್ತದೆಯೆ? ನೋಯುತ್ತದೆಂದರೆ, ನನ್ನಂತೆ ಸುಮ್ಮನಾಗಬೇಡಿರಿ.