ಡಾಕ್ಟರ್ ಬರುವ ಮುಂಚಿನ ಒಂದು ಗಂಟೆ: ಪಶುವೈದ್ಯರ ಸಹಾಯಕಿಯಾಗುವುದು ಹೇಗೆ?



ಇತ್ತೀಚೆಗೆ ಹೊನ್ನಾಳಿ ಕಡೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಬರಡು ರಾಸುಗಳ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಬೆಳಗಿನಿಂದ ಹಸುಗಳನ್ನು ಹಿಡಿದುಕೊಡುತ್ತಿದ್ದ ಹೆಣ್ಣುಮಗಳೊಬ್ಬಳು ಹತ್ತಿರ ಬಂದು ಕೇಳಿದಳು: "ಮೇಡಂ, ನಾನು ಎಸ್ಸೆಸ್ಸೆಲ್ಸಿ ಪಾಸಾಗಿದೀನಿ. ಈ ಕೆಲಸ ನಾನೂ ಕಲೀಬೋದಾ?" ಅಂದು ಒಂದು ಹಸು ಬೆದೆಗೆ ಬಂದಿದೆ ಎಂದು ನಾನು ಪರೀಕ್ಷೆ ಮಾಡುವ ಮೊದಲೇ ಅವಳು ಹೇಳಿದ್ದಳು. ಲೋಳೆ ನೋಡಿ, ಹಸು ಕೂಗುವುದನ್ನು ಕೇಳಿ ಗುರುತಿಸಿದ್ದಳು. ಅಂಥ ಕಣ್ಣು ಇರುವವಳಿಗೆ "ನಿನ್ನಿಂದಾಗದು" ಎಂದು ಹೇಗೆ ಹೇಳಲಿ?

ಕಲಿಯಬಹುದು. ಆದರೆ ಯಾವ ಕೆಲಸ, ಎಷ್ಟರವರೆಗೆ ಎಂಬುದನ್ನು ಮೊದಲು ತಿಳಿದಿರಬೇಕು. ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ, 1984ರ ಪ್ರಕಾರ ರಾಸುಗಳಿಗೆ ರೋಗ ಪತ್ತೆ ಮಾಡಿ ಚಿಕಿತ್ಸೆ ಕೊಡುವ ಹಕ್ಕು ಪದವಿ ಪಡೆದು ನೋಂದಾಯಿಸಿಕೊಂಡ ಪಶುವೈದ್ಯರಿಗೆ ಮಾತ್ರ. ಡಿಪ್ಲೊಮಾ ಅಥವಾ ಅಂಥ ಪ್ರಮಾಣಪತ್ರ ಇರುವ ಸಹಾಯಕರಿಗೆ ರಾಜ್ಯ ಸರ್ಕಾರ ಅನುಮತಿ ಕೊಟ್ಟಿದ್ದರೆ, ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆಗಳನ್ನು ಮಾಡಬಹುದು: ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಮದ್ದು ಕಟ್ಟುವುದು, ಪ್ರಥಮ ಚಿಕಿತ್ಸೆ.

ಈ ಗೆರೆ ಏಕೆ ಎಂದು ಹಲವರು ಕೇಳುತ್ತಾರೆ. "ಒಂದು ಬಾಟಲಿ ಕ್ಯಾಲ್ಸಿಯಂ ಏರಿಸೋಕೆ ಡಾಕ್ಟ್ರೇ ಬರಬೇಕಾ?" ಎಂಬ ಮಾತು ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕರೆ ಬಂತು. ಹಿಂದಿನ ದಿನ ಕರು ಹಾಕಿದ್ದ ಹಸು ಎದ್ದು ನಿಲ್ಲುತ್ತಿಲ್ಲ, ಕತ್ತು ಹಿಂದಕ್ಕೆ ಮಡಚಿಕೊಂಡು ಮಲಗಿದೆ, ಕಿವಿ ತಣ್ಣಗಿವೆ. ಅದು ಹಾಲು ಜ್ವರ. ಹೆಸರಿನಲ್ಲಿ ಜ್ವರ ಇದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ, ಅಷ್ಟೇ. ನಾನು ದಾರಿಯಲ್ಲಿರುವಾಗಲೇ ಯಾವ ತರಬೇತಿಯೂ ಇಲ್ಲದವರೊಬ್ಬರು ಬಾಟಲಿ ತಂದು ರಕ್ತನಾಳಕ್ಕೆ ರಭಸದಿಂದ ಬಿಟ್ಟರು. ಕ್ಯಾಲ್ಸಿಯಂ ವೇಗವಾಗಿ ಹೋದರೆ ಹೃದಯದ ಬಡಿತ ತಪ್ಪುತ್ತದೆ. ಅದಕ್ಕೇ ನಾವು ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಬಡಿತ ಕೇಳುತ್ತಾ, ನಿಧಾನವಾಗಿ ಬಿಡುತ್ತೇವೆ. ನಾನು ಹೋಗುವಷ್ಟರಲ್ಲಿ ಹಸು ಸತ್ತಿತ್ತು. ಕರು ಪಕ್ಕದಲ್ಲೇ ಕಟ್ಟಿತ್ತು. ಆ ಮನೆಯ ಅಕ್ಕ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅಲ್ಲಿ ತರಬೇತಿ ಪಡೆದ ಸಹಾಯಕಿ ಇದ್ದಿದ್ದರೆ ಏನು ಮಾಡುತ್ತಿದ್ದಳು? ಹಸು ಒಂದೇ ಮಗ್ಗುಲಿಗೆ ಉರುಳಿ ಹೊಟ್ಟೆ ಉಬ್ಬದಂತೆ ಎದೆಯ ಮೇಲೆ ಕೂರಿಸಿ, ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತು ಕೊಡುತ್ತಿದ್ದಳು. ಮೇಲೆ ಗೋಣಿ ಹೊದಿಸುತ್ತಿದ್ದಳು. ಬಾಯಿಗೆ ಎಣ್ಣೆ, ಬೆಲ್ಲದ ನೀರು ಹುಯ್ಯಲು ಯಾರನ್ನೂ ಬಿಡುತ್ತಿರಲಿಲ್ಲ. ನುಂಗುವ ಶಕ್ತಿಯಿಲ್ಲದ ಹಸುವಿಗೆ ಹುಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಷ್ಟನೇ ಸೂಲು, ಎಷ್ಟು ಗಂಟೆಗೆ ಕರು ಹಾಕಿತು, ಮಾಸು ಬಿದ್ದಿದೆಯೇ, ಥರ್ಮಾಮೀಟರ್ ಎಷ್ಟು ತೋರಿಸುತ್ತಿದೆ, ಇಷ್ಟನ್ನು ಫೋನಿನಲ್ಲೇ ಹೇಳುತ್ತಿದ್ದಳು. ಹಸುವಿನ ಮೈ ಬಿಸಿ ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುತ್ತದೆ. ಅಷ್ಟು ಗೊತ್ತಾದರೆ ನಾನು ಯಾವ ಔಷಧಿ ಹಿಡಿದು ಹೊರಡಬೇಕೆಂದು ಅರ್ಧ ತೀರ್ಮಾನವಾದಂತೆ. ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿ ಹೊಟ್ಟೆ ಕೆಡಿಸಿಕೊಂಡ ರಾಸುಗಳ ವಿಷಯದಲ್ಲೂ ಹಾಗೆಯೇ. ಎಷ್ಟು ತಿಂದಿತು, ಯಾವಾಗ ತಿಂದಿತು ಎಂದು ಸರಿಯಾಗಿ ಹೇಳುವವರು ಬೇಕು.

ಇನ್ನೊಂದು ವಿಷಯ ನಿಮ್ಮ ಆರೋಗ್ಯದ್ದೇ. ಕರು ಹಾಕಿಸುವಾಗ, ಮಾಸು ತೆಗೆಯುವಾಗ ನಮ್ಮ ಹೆಂಗಸರು ಬರಿಗೈಯಲ್ಲೇ ಮುಂದಾಗುತ್ತಾರೆ. ಹಸು ದಿನ ತುಂಬುವ ಮೊದಲೇ ಕಂದು ಹಾಕಿದ್ದರೆ ಅದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ ಇರಬಹುದು. ಆ ಮಾಸಿನಿಂದ ಮನುಷ್ಯರಿಗೂ ಅಂಟುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಬೀಳದ ಮಾಸನ್ನು ಎಳೆಯಬೇಡಿ, ಬಿದ್ದದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಈ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಲಸಿಕೆ ಹಾಕುತ್ತಾರೆ. ಅದರಲ್ಲಿ ಜೀವಂತ ರೋಗಾಣು ಇರುವುದರಿಂದ ಗರ್ಭಿಣಿಯರು ಆ ಬಾಟಲಿಯ ಹತ್ತಿರವೂ ಹೋಗಬಾರದು. ಸಹಾಯಕಿಯಾಗುವವಳು ಮೊದಲ ದಿನವೇ ಕಲಿಯಬೇಕಾದ ಪಾಠ ಇದು.

ಇನ್ನು ದಾರಿಗಳು. ಎಲ್ಲಕ್ಕಿಂತ ಹತ್ತಿರದ್ದು ಪಶುಸಖಿ. ಸಂಜೀವಿನಿ ಸ್ವಸಹಾಯ ಸಂಘಗಳ ಸದಸ್ಯೆಯರಲ್ಲೇ ಆಯ್ಕೆ ಮಾಡುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಪಶುಪಾಲನೆ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳು ಒಪ್ಪಂದ ಮಾಡಿಕೊಂಡ ಮೇಲೆ ಪಶುಸಖಿಯರಿಗೆ 'ಎ-ಹೆಲ್ಪ್' ಎಂಬ 16 ದಿನಗಳ ತರಬೇತಿ ಶುರುವಾಯಿತು. ಕಿವಿಯೋಲೆ ನೋಂದಣಿ, ಲಸಿಕೆ ಶಿಬಿರದಲ್ಲಿ ನೆರವು, ವಿಮೆ, ಪ್ರಥಮ ಚಿಕಿತ್ಸೆ ಇವರ ಕೆಲಸ. ಸ್ವಂತವಾಗಿ ಇಂಜೆಕ್ಷನ್ ಕೊಡುವಂತಿಲ್ಲ. ಇದು ತಿಂಗಳ ಸಂಬಳದ ನೌಕರಿ ಅಲ್ಲ, ಮಾಡಿದ ಕೆಲಸಕ್ಕೆ ಹಣ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಿ.

ಎರಡನೆಯದು 'ಮೈತ್ರಿ', ಅಂದರೆ ಕೃತಕ ಗರ್ಭಧಾರಣೆ ಕಾರ್ಯಕರ್ತೆ. ಮೂರು ತಿಂಗಳ ತರಬೇತಿ. ಅದರಲ್ಲಿ ಒಂದು ತಿಂಗಳು ತರಗತಿ, ಎರಡು ತಿಂಗಳು ಊರೂರಿನ ಕೊಟ್ಟಿಗೆಗಳಲ್ಲಿ. ಮುಂದೆ ರೈತರು ಕೊಡುವ ಸೇವಾ ಶುಲ್ಕವೇ ಆದಾಯ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ವೀರ್ಯದ ಕಡ್ಡಿ ತೆಗೆದು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಡುವುದು ಕಷ್ಟವಲ್ಲ. ಗರ್ಭಕಂಠವನ್ನು ಕೈಯಲ್ಲಿ ಗುರುತಿಸುವುದಕ್ಕೆ ಅಭ್ಯಾಸ ಬೇಕು. ನನಗೇ ವಾರಗಟ್ಟಲೆ ಹಿಡಿಯಿತು. "ಹೆಂಗಸರು ಈ ಕೆಲಸ ಮಾಡ್ತಾರಾ?" ಎನ್ನುವವರು ಇರುತ್ತಾರೆ. ಅವರ ಮನೆಯ ಹಸು ಬೆದೆಗೆ ಬಂದ ದಿನ ಅವರೇ ಫೋನ್ ಮಾಡುತ್ತಾರೆ, ಚಿಂತೆ ಬೇಡ.

ಮೂರನೆಯದು ಪೂರ್ಣ ಓದು. ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ, ತಿಪಟೂರು ಬಳಿಯ ಕೊನೇಹಳ್ಳಿ ಮುಂತಾದ ಕಡೆ ಇದರ ಪಾಲಿಟೆಕ್ನಿಕ್‌ಗಳಿವೆ. ಮೇಲೆ ಹೇಳಿದ ಕಾಯ್ದೆಯ ಅನುಮತಿಗೆ ಸಲ್ಲುವುದು ಇಂಥ ಓದು. ಮಗಳು ಹತ್ತನೇ ತರಗತಿಯಲ್ಲಿದ್ದರೆ ನನ್ನ ಸಲಹೆ ಇದೇ. ವಿಜ್ಞಾನದಲ್ಲಿ ಪಿಯುಸಿ ಮಾಡಿ ಐದೂವರೆ ವರ್ಷ ಓದುವ ಹುಮ್ಮಸ್ಸಿದ್ದರೆ ಪಕ್ಕದ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ.

"ಆರು ತಿಂಗಳಲ್ಲಿ ದನದ ಡಾಕ್ಟರ್ ಆಗಿ" ಎಂದು ದುಡ್ಡು ಕೇಳುವವರು ಸಿಕ್ಕರೆ, ಯಾವ ವಿಶ್ವವಿದ್ಯಾಲಯದ ಪ್ರಮಾಣಪತ್ರ ಎಂದು ಕೇಳಿ. ಅದರ ಪ್ರತಿಯನ್ನು ಹಣ ಕಟ್ಟುವ ಮೊದಲು ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ತಂದು ತೋರಿಸಿ.

ಪಶುಸಖಿ ಬಗ್ಗೆ ಗ್ರಾಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟದಲ್ಲಿ, ಮೈತ್ರಿ ಬಗ್ಗೆ ಹೊನ್ನಾಳಿ ಅಥವಾ ನ್ಯಾಮತಿಯ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ವಿಶ್ವವಿದ್ಯಾಲಯದ ಪ್ರಕಟಣೆ ನೋಡುತ್ತಿರಿ. ಶಿಬಿರದಲ್ಲಿ ಕೇಳಿದ ಆ ಹೆಣ್ಣುಮಗಳು ಸದ್ಯಕ್ಕೆ ಒಂದು ಥರ್ಮಾಮೀಟರ್ ಕೊಂಡಿದ್ದಾಳೆ. ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, "ಮೇಡಂ, ನೂರಾ ನಾಲ್ಕು ಇದೆ, ಮೆಲುಕು ಹಾಕ್ತಿಲ್ಲ, ಹಿಂದಿನ ಎಡಗಡೆ ಮೊಲೆ ಗಟ್ಟಿಯಾಗಿದೆ" ಎಂದಳು. ಕೆಚ್ಚಲು ಬಾವು. ಆ ಮೊಲೆಯ ಹಾಲನ್ನು ಬೇರೆ ಹಾಲಿಗೆ ಸೇರಿಸದೆ ಪ್ರತ್ಯೇಕವಾಗಿ ಕರೆದು ಚೆಲ್ಲಲು ಹೇಳಿ ಗಾಡಿ ಹತ್ತಿದೆ.