ಮೆಣಸಿನಕಾಯಿ ಘಾಟು, ಮಣ್ಣಿನ ಮಾಳಿಗೆ

ಬ್ಯಾಡಗಿಗೆ ಹೋದದ್ದು ಸೋಮವಾರ, ಮೆಣಸಿನಕಾಯಿ ಮಾರುಕಟ್ಟೆಯ ದಿನ. ಮುಖ್ಯರಸ್ತೆಯಲ್ಲಿ ಚೀಲ ಹೇರಿದ ಲಾರಿಯೊಂದು ತಿರುಗಲಾರದೆ ನಿಂತಿತ್ತು. ಅದರ ಹಿಂದೆ ನಮ್ಮ ಬಸ್ಸು. ಈ ರಸ್ತೆ ಅಗಲವಾಗಬೇಕೋ ಬೇಡವೋ ಎಂಬ ಜಗಳ ಆಗಲೇ ವರ್ಷಗಟ್ಟಲೆ ಹಳೆಯದಾಗಿತ್ತು. ಸೀನುತ್ತಲೇ ಇಳಿದು ಓಣಿಯೊಂದಕ್ಕೆ ಹೊಕ್ಕೆ.

ಬ್ಯಾಡಗಿ ಸೇರಿದ ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2011ರಲ್ಲಿ. ಹಾವೇರಿಯಲ್ಲಿ ಚಾಲುಕ್ಯರ ಕಾಲದ ಸಿದ್ಧೇಶ್ವರ ಗುಡಿಯಿದೆ. ಇಷ್ಟು ಎಲ್ಲ ಕೈಪಿಡಿಗಳಲ್ಲೂ ಇದೆ. ಇಲ್ಲಿನ ಮಾಳಿಗೆಗಳ, ಅಂದರೆ ಚಪ್ಪಟೆ ಮಣ್ಣಿನ ಚಾವಣಿಗಳ, ಮಾತು ಮಾತ್ರ ಯಾವುದರಲ್ಲೂ ಕಾಣಲಿಲ್ಲ.

ಓಣಿಯ ಎರಡೂ ಬದಿಗೆ ದಪ್ಪ ಮಣ್ಣಿನ ಗೋಡೆ, ಬೀದಿಗೆ ಚಾಚಿದ ಕಟ್ಟೆ, ಒಳಗೆ ಪಡಸಾಲೆ, ನೆತ್ತಿಯ ಮೇಲೊಂದು ಬೆಳಕಿಂಡಿ. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಮಾಳಿಗೆಗೆ ಮಣ್ಣು ಹಾಕುವವರು. ಕೇಳುವ ಮೊದಲೇ ಶುರುಮಾಡಿದರು.

"ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಬಿದಿರು, ಅದರ ಮ್ಯಾಲ ಬೇವಿನ ತಪ್ಪಲು. ಆಮ್ಯಾಲ ಮಣ್ಣು. ಕಡೀಕ ಕರಲು ಮಣ್ಣ ಹಾಕಿ ಬಡೀಬೇಕ್ರಿ. ಮಳಿಗಾಲಕ್ಕ ಮೊದಲ ವರ್ಷಾ ನೋಡಬೇಕು. ಈಗ ನೋಡವ್ರು ಯಾರದಾರ?"

ನೀರು ಹರಿಯುವ ಕಲ್ಲಿನ ದೋಣಿಯನ್ನೂ ತೋರಿಸಿದರು. ಕಡಲಿಲ್ಲದ ಊರಿನ ದೋಣಿ ಮಾಳಿಗೆಯ ಅಂಚಿಗಿದೆ!

ನಾನು ಕರಾವಳಿ ಕಡೆಯವನು. ಇಳಿಜಾರು ಹಂಚಿಲ್ಲದ್ದು ಮನೆಯೇ ಅಲ್ಲ ಎಂದು ನಂಬಿ ಬೆಳೆದವನು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ. ಇಲ್ಲಿ ಅದರ ಕಾಲು ಭಾಗ ಬಿದ್ದರೆ ಹೆಚ್ಚು. ಅಷ್ಟು ಮಳೆಗೆ ಚಪ್ಪಟೆ ಮಣ್ಣು ಸಾಕು, ಮೇಲೆ ಮೆಣಸಿನಕಾಯಿ ಒಣಗಿಸಲು ಅಂಗಳವೂ ಸಿಕ್ಕಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಸುಡಲು ಶುರುಮಾಡಿದ ಹಂಚು ಇಲ್ಲಿಗೂ ಬಂದಿದೆ. ಒಂದೆರಡು ಹಳೆಯ ಅಂಗಡಿಗಳ ಮೇಲೆ ಕಂಡು, ಊರವರನ್ನು ಕಂಡಷ್ಟು ಖುಷಿಯಾಯಿತು.

ಹಂಚಿಗೂ ಮಣ್ಣಿಗೂ ಈಗ ಸಮನಾದ ವೈರಿ ತಗಡಿನ ಶೀಟು. ಅಜ್ಜನ ಮಗನೂ ಪಕ್ಕದಲ್ಲೇ ಶೀಟಿನ ಮನೆ ಕಟ್ಟಿದ್ದಾನೆ. ಅದನ್ನು ಹೊಗಳಲೋ ಬೇಡವೋ ಎಂದು ನಾನು ತಡವರಿಸುವಾಗ ಅಜ್ಜ ನಕ್ಕರು: "ಚಲೋನ ಐತ್ರಿ. ಬ್ಯಾಸಗ್ಯಾಗ ಮಾತ್ರ ಎಲ್ಲಾರೂ ಹಾಸಗಿ ತಗೊಂಡ ನನ್ನ ಪಡಸಾಲಿಗೆ ಬರ್ತಾರ."