ಕಟ್ಟು ನಮಗೆ, ಕಾಳು ಎತ್ತಿಗೆ!

ಬಂಗಾರಪೇಟೆಯ ದಿನಸಿ ಅಂಗಡಿಗೆ ಹೋಗಿ ಹುರುಳಿ ಕೇಳಿ ನೋಡಿ. "ಎತ್ತಿಗಾ, ಮನೆಗಾ?" ಅಂದರೆ ಸಿಟ್ಟಾಗಬೇಡಿ ಸ್ವಾಮಿ. ಅಂಗಡಿಯವರ ತಪ್ಪಲ್ಲ. ದನದ ಕಾಳು ಎಂದು ಹುರುಳಿಗೆ ಹೆಸರು ಬಿದ್ದು ಎಷ್ಟೋ ಕಾಲವಾಯಿತು. ಇಂಗ್ಲಿಷಿನವರು ಇಟ್ಟ ಹೆಸರಲ್ಲಂತೂ ಕುದುರೆಯೇ ನಿಂತಿದೆ.

ನಮ್ಮ ಹಳ್ಳಿ ಮನೆಗಳ ಪದ್ಧತಿ ನಿಮಗೂ ಗೊತ್ತು. ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡೋದು, ಬೆಂದ ಕಾಳನ್ನು ಎತ್ತಿನ ಮುಂದೆ ಸುರಿಯೋದು. ಸಾರಿನ ರುಚಿಗೆ ಎರಡು ಮಾತಿಲ್ಲ. ಆದರೆ ಸತ್ವದ ದೊಡ್ಡ ಪಾಲು ಕಾಳಿನಲ್ಲೇ ಉಳಿಯುತ್ತದೆ. ಲಾಭ ಆದದ್ದು ಎತ್ತಿಗೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರದ ಪಟ್ಟಿ ನೋಡಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು. ತೊಗರಿಬೇಳೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಸುಣ್ಣದ ಅಂಶಕ್ಕೆ ಬಂದರೆ ತೊಗರಿಬೇಳೆ 70 ಮಿಲಿಗ್ರಾಂ ಹತ್ತಿರ ನಿಲ್ಲುತ್ತದೆ, ಹುರುಳಿ 250 ದಾಟುತ್ತದೆ. ಕಬ್ಬಿಣದಂಶ ತೊಗರಿಬೇಳೆಯ ಎರಡರಷ್ಟು!

ಇದು ಬರೀ ಲೆಕ್ಕದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 48 ಮಂದಿಗೆ ರಕ್ತ ಕಮ್ಮಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಮನೆಗಳ ಎಷ್ಟೋ ಜನ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಓಡುತ್ತಾರೆ. ಕತ್ತಲಲ್ಲೇ ಎದ್ದವರ ಡಬ್ಬಿಗೆ ಬೀಳೋದು ಚಿತ್ರಾನ್ನವೋ ಪುಳಿಯೋಗರೆಯೋ. ಅದರ ಪಕ್ಕಕ್ಕೆ ಒಂದು ಹಿಡಿ ಹುರುಳಿ ಉಸಲಿ ಸೇರಿದರೆ ಕಷ್ಟವೇನು?

ಹುರುಳಿ ತಿಂದ ಮಾತ್ರಕ್ಕೆ ರಕ್ತ ಉಕ್ಕಿ ಹರಿಯುತ್ತದೆಂದು ಬರೆಯುತ್ತಿಲ್ಲ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಲೇಬೇಕು. ಕಾಳಿನ ಕಬ್ಬಿಣ ಮೈಗೆ ಸುಲಭಕ್ಕೆ ಹತ್ತುವುದೂ ಇಲ್ಲ. ಅದಕ್ಕೇ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಬೆಂದ ಮೇಲೆ ನಿಂಬೆಹಣ್ಣು ಹಿಂಡಬೇಕು. ಹೊಟ್ಟೆಯುಬ್ಬರವೂ ತಗ್ಗುತ್ತದೆ. ಹಸಿಯಾಗಿ ತಿನ್ನುವ ಸಾಹಸ ಬೇಡ. ರಾಗಿ ಮುದ್ದೆಗೆ ಜೊತೆಯಾದರೆ ಇನ್ನೂ ಲೇಸು, ರಾಗಿಯ ಪ್ರೋಟೀನಿನ ಕೊರತೆಯನ್ನು ಕಾಳು ತುಂಬುತ್ತದೆ.

ಕೆ.ಜಿ.ಎಫ್.ನ ತಮಿಳರಿಗೆ ಇದು ಕೊಳ್ಳು, ತೆಲುಗರಿಗೆ ಉಲವಲು. ಬಡಕಲನಿಗೆ ಎಳ್ಳು, ದಪ್ಪಗಿರುವವನಿಗೆ ಕೊಳ್ಳು ಅಂತ ತಮಿಳಲ್ಲಿ ಗಾದೆಯೇ ಉಂಟು. ಮೂತ್ರದ ಕಲ್ಲು ಕರಗಿಸುತ್ತೆ ಅನ್ನೋ ಮಾತೂ ಊರೆಲ್ಲ ಓಡಾಡುತ್ತದೆ. ಕಲ್ಲಿನ ನೋವು ಬಂದವರು ಮಾತ್ರ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಲಿ.

ಇನ್ನು ಅಂಗಡಿಯವರಿಗೊಂದು ಮಾತು. ಹಿಂಡಿ, ಬೂಸಾ ಪಕ್ಕದ ಹುರುಳಿ ಮೂಟೆಯನ್ನು ತೊಗರಿಬೇಳೆ ಸಾಲಿಗೆ ತನ್ನಿ. ಮಣ್ಣು, ಕಲ್ಲು ಜರಡಿ ಹಿಡಿದು ಮಾರಿ. ವರ್ಷಗಟ್ಟಲೆ ಕೊಳೆಹಾಕಿದ ಹಳೇ ಮಾಲು ಬೇಡ. ಅದು ಎಷ್ಟು ವಿಶಲ್ ಕೂಗಿಸಿದರೂ ಬೇಯೋದಿಲ್ಲ, ಗ್ಯಾಸು ಸುಟ್ಟುಕೊಂಡ ಹೆಂಗಸು ಮತ್ತೆ ನಿಮ್ಮ ಅಂಗಡಿ ಮೆಟ್ಟಿಲು ಹತ್ತೋದಿಲ್ಲ.